ಪಚ್ಚೆ ಲಿಂಗಕ್ಕೆ ಬಿಸಿನೀರು

ಅವರು ಮೂವರೂ ಒಂದೇ ಆಟೋದಲ್ಲಿ ಬಂದಿದ್ದರು, ಆದರೆ ಒಟ್ಟಿಗೆ ಕೂರಲಿಲ್ಲ. ವಯಸ್ಸಾದ ಅಮ್ಮ ಮಡಿಲಲ್ಲಿ ರೇಷ್ಮೆ ಬಟ್ಟೆಯ ಗಂಟಿಟ್ಟುಕೊಂಡು ನನ್ನ ಮೇಜಿನ ಎದುರು ಕುಳಿತರು. ಹಿನಕಲ್‌ನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಅವರ ಮಗ ಕುರ್ಚಿಯ ಹಿಂದೆ ನಿಂತರು. ಬೆಳ್ಳಿ ಕೆಲಸದ ಆಚಾರ್ರು ಮಾತ್ರ ಬಾಗಿಲಾಚೆ ಚಪ್ಪಲಿಗಳ ಪಕ್ಕದಲ್ಲೇ ಉಳಿದರು. ಒಳಗೆ ಬನ್ನಿ ಎಂದರೆ "ಪರವಾಗಿಲ್ಲ ತಾಯಿ, ಇಲ್ಲೇ ಗಾಳಿ ಬತ್ತದೆ" ಎಂದರು. ಆ ಮೆಟ್ಟಿಲ ಸಂದಿಯಲ್ಲಿ ಗಾಳಿ ಬಂದದ್ದನ್ನು ನಾನಂತೂ ಯಾವತ್ತೂ ಕಂಡಿಲ್ಲ.

ಮೈಸೂರಿನ ಅಶೋಕ ರಸ್ತೆಯ ಹಿಂದಿನ ಗಲ್ಲಿಯಲ್ಲಿ, ಮೊದಲ ಮಹಡಿಯಲ್ಲಿ, ನನ್ನ ಕಲ್ಲು ಪರೀಕ್ಷೆಯ ಕೋಣೆಯಿದೆ. ಜ್ಯೋತಿಷಿ ಹೇಳಿದ ಪುಷ್ಯರಾಗ, ಅತ್ತಿಗೆ ಕೊಟ್ಟ ಹವಳ, ಪ್ರವಾಸಕ್ಕೆ ಹೋದವರು ಜೇಡ್ ಎಂದು ನಂಬಿ ತಂದ ಹಸಿರು ಬಳೆ, ಹೀಗೆ ಏನೇನೋ ಬರುತ್ತವೆ. ಬಳೆ ಜೇಡ್ ಅಲ್ಲ ಎಂದರೆ ಜನ ಸ್ವಲ್ಪ ಹೊತ್ತು ಮುಖ ಸಪ್ಪಗೆ ಮಾಡಿಕೊಂಡು ಹೋಗುತ್ತಾರೆ. ಅದಕ್ಕೇ ನಾನು ಒಗ್ಗಿಕೊಂಡಿಲ್ಲ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ಬೋಗಾದಿಯ ಮನೆಗೆ ವಾಪಸು ಹೋಗಿ ನೋಡುವ ಜಾತಿ ನನ್ನದು. ಇಂಥವಳು ಈ ಕೆಲಸಕ್ಕೆ ಯಾಕೆ ಬಂದೆನೋ ಗೊತ್ತಿಲ್ಲ.

"ನೀವು ಒಂದೇ ಒಂದು ಮಾತು ಹೇಳ್ಬೇಕು ಮೇಡಂ," ಎಂದರು ಮಗ. "ಇದು ಜೇಡ್ ಹೌದೋ ಅಲ್ವೋ. ಮಿಕ್ಕಿದ್ದು ನಾವು ನೋಡ್ಕೋತೀವಿ."

ಅಮ್ಮ ಗಂಟು ಬಿಚ್ಚಿದರು. ಬೆಳ್ಳಿಯ ಪೀಠದಲ್ಲಿ ಹೆಬ್ಬೆರಳಿನಷ್ಟು ಎತ್ತರದ ಹಸಿರು ಕಲ್ಲಿನ ಲಿಂಗ. ಮಠದ ಹಿಂದಿನ ಸ್ವಾಮಿಗಳೊಬ್ಬರು ಅವರ ಮನೆತನಕ್ಕೆ ಕೊಟ್ಟದ್ದಂತೆ. ಮನೆಯಲ್ಲಿ ಎಲ್ಲರಿಗೂ ಅದು ಪಚ್ಚೆ ಲಿಂಗ. ಯಾರೋ ತಿಳಿದವರು ಬಂದಾಗ ನೋಡಿ, ಇದು ಬರ್ಮಾದ ಜೇಡ್, ತುಂಬ ಬೆಲೆಬಾಳುತ್ತೆ ಎಂದಿದ್ದರಂತೆ. ಅಂದಿನಿಂದ ಮಗನ ಬಾಯಲ್ಲಿ ಅದು ಜೇಡ್ ಲಿಂಗವಾಗಿತ್ತು. ಹಳೆಯ ಪೀಠದ ಬೆಳ್ಳಿ ಸೀಳು ಬಿಟ್ಟದ್ದರಿಂದ ಹೊಸ ಪೀಠ ಮಾಡಲು ಆಚಾರ್ರಿಗೆ ಕೊಟ್ಟಿದ್ದರು. ಆಚಾರ್ರೇನು ಹೊಸಬರಲ್ಲ, ಮಠದ ಬೆಳ್ಳಿ ಕೆಲಸವೆಲ್ಲ ಅವರದೇ. ಪೀಠ ಚೆನ್ನಾಗಿಯೇ ಬಂತು. ಆದರೆ ಬಟ್ಟೆ ಬಿಚ್ಚಿ ನೋಡಿದ ಅಮ್ಮ, "ಇದು ನಮ್ಮ ಲಿಂಗ ಅಲ್ಲ" ಎಂದುಬಿಟ್ಟರು.

ಕೊಟ್ಟದ್ದು ಹೆಚ್ಚುಕಡಿಮೆ ಕಪ್ಪೆನ್ನುವಷ್ಟು ಕಡುಹಸಿರಿನ ಕಲ್ಲು. ಬಂದದ್ದು ಎಳೆ ಬಾಳೆಯೆಲೆಯ ಬಣ್ಣದ್ದು, ಮೈಯಲ್ಲಿ ಬಿಳಿ ಎಳೆಗಳು, ಮೇಲೆ ಗಾಜಿನ ಹೊಳಪು. ಹಳೆಯ ಫೋಟೋ ಇದೆಯೇ ಎಂದು ಕೇಳಿದೆ. ಮಗ ಫೋನಿನಲ್ಲಿ ಒಂದನ್ನು ತೋರಿಸಿದರು. ಅದರಲ್ಲಿ ವಿಭೂತಿ, ಬಿಲ್ವಪತ್ರೆ, ಸೇವಂತಿಗೆ ಎಲ್ಲ ಇದ್ದವು. ಲಿಂಗ ಮಾತ್ರ ಕಾಣುತ್ತಿರಲಿಲ್ಲ.

"ಅಮ್ಮ ಅವತ್ತಿಂದ ಅನ್ನ ಮುಟ್ಟಿಲ್ಲ," ಎಂದು ಮಗ ದನಿ ತಗ್ಗಿಸಿದರು. "ಕತ್ತಿನಲ್ಲಿರೋ ಇಷ್ಟಲಿಂಗಕ್ಕೆ ಪೂಜೆ ಮಾಡ್ಕೋತಾರೆ. ಆದ್ರೆ ಮನೆ ಲಿಂಗಕ್ಕೆ ನೀರು ಹಾಕ್ದೆ ಊಟ ಮಾಡೋ ಅಭ್ಯಾಸ ಇಲ್ಲ. ಇದಕ್ಕೆ ಹಾಕಿ ಅಂದ್ರೆ, ಯಾರ್ದೋ ಲಿಂಗಕ್ಕೆ ನಾನ್ಯಾಕೆ ಹಾಕ್ಲಿ ಅಂತಾರೆ. ಹಾಲು, ಬಾಳೆಹಣ್ಣಲ್ಲೇ ಇದ್ದಾರೆ. ಶುಗರ್ ಬೇರೆ ಇದೆ."

"ನಂದೇನು ಬುಡು," ಎಂದರು ಅಮ್ಮ. "ನಮ್ಮ ಲಿಂಗ ಎಲ್ಲೋಯ್ತು ಅಂತ ಕೇಳು."

ಬಾಗಿಲಾಚೆಯಿಂದ ಆಚಾರ್ರು, "ಅದೇ ಇದು ಕಣ್ರವ್ವ, ಆಣೆಗೂ ಅದೇ" ಎಂದರು. ಮಗ ಆ ಕಡೆ ತಿರುಗಿಯೂ ನೋಡಲಿಲ್ಲ. ಮಠಕ್ಕೆ ಸುದ್ದಿ ಆಗಲೇ ಮುಟ್ಟಿತ್ತು. ಇದು ಇತ್ಯರ್ಥವಾಗುವವರೆಗೆ ಈ ಆಚಾರ್ರಿಗೆ ಕೆಲಸ ಕೊಡುವುದು ಬೇಡ ಎಂದು ಅಲ್ಲಿಯವರು ಹೇಳಿದ್ದರಂತೆ. ಮಠ ಬಿಡಿಸಿದ ಆಚಾರ್ರ ಬಳಿಗೆ ಮೈಸೂರಿನಲ್ಲಿ ಇನ್ಯಾರು ದೇವರ ಕೆಲಸ ತರುತ್ತಾರೆ?

ಪರೀಕ್ಷೆಗೆ ಅಮ್ಮನ ಷರತ್ತುಗಳಿದ್ದವು. ಗೀರುವಂತಿಲ್ಲ, ಬೆಂಕಿ ತೋರಿಸುವಂತಿಲ್ಲ, ಆಸಿಡ್ ಗೀಸಿಡ್ ಹಾಕುವಂತಿಲ್ಲ. ಲಿಂಗವನ್ನು ಇಲ್ಲಿ ಬಿಟ್ಟುಹೋಗುವುದಿಲ್ಲ, ಅವರ ಕಣ್ಣೆದುರೇ ಎಲ್ಲವೂ ಆಗಬೇಕು.

"ನಿಮ್ಮದಲ್ಲ ಅಂತೀರಲ್ಲಮ್ಮ, ಮತ್ತೆ ಇಷ್ಟೆಲ್ಲ ಯಾಕೆ?" ಎಂದೆ, ಸ್ವಲ್ಪ ಸಿಡುಕಿನಿಂದಲೇ.

"ಅಕಸ್ಮಾತ್ ನಮ್ದೇ ಆಗಿದ್ರೆ?" ಎಂದರು ಅವರು.

ಆ ಮಾತು ನನ್ನ ಕಿವಿಯಲ್ಲಿ ಉಳಿಯಿತು. ಅವರ ಬಾಯಿ ಹೇಳಿದಷ್ಟು ಖಚಿತವಾಗಿ ಮನಸ್ಸು ಹೇಳುತ್ತಿಲ್ಲ ಎಂದುಕೊಂಡೆ.

ಜೇಡ್ ಎಂಬ ಹೆಸರಿಗೆ ಹಕ್ಕಿರುವುದು ಎರಡೇ ಕಲ್ಲುಗಳಿಗೆ. ಒಂದು ಜೇಡೈಟ್, ಇನ್ನೊಂದು ನೆಫ್ರೈಟ್. ಅವುಗಳಂತೆ ಕಾಣುವ ಹಸಿರು ಕಲ್ಲುಗಳಿಗೆ ಲೆಕ್ಕವಿಲ್ಲ. ನಮ್ಮ ಹಾಸನ, ಮೈಸೂರು ಸೀಮೆಯಲ್ಲೇ ಸಿಗುವ ಹಸಿರು ಅವೆಂಚರಿನ್ ಅನ್ನು ವ್ಯಾಪಾರಿಗಳು ಇಂಡಿಯನ್ ಜೇಡ್ ಎಂದು ಕರೆದು ಮಾರುವುದುಂಟು. ಬಣ್ಣ ಹಾಕಿದ ಬೆಣಚುಕಲ್ಲು, ಗಾಜು, ಸರ್ಪೆಂಟೈನ್ ಎಂಬ ಮೆದು ಕಲ್ಲು, ಎಲ್ಲವೂ ಅದೇ ವೇಷ ಹಾಕುತ್ತವೆ. ಕಣ್ಣಿಗೆ ಮೋಸ ಮಾಡಬಹುದು. ಬೆಳಕು ಕಲ್ಲಿನೊಳಗೆ ಎಷ್ಟು ಬಾಗುತ್ತದೆ, ಕಲ್ಲು ತನ್ನ ಗಾತ್ರದ ನೀರಿಗಿಂತ ಎಷ್ಟು ಪಟ್ಟು ತೂಗುತ್ತದೆ ಎಂಬೆರಡು ಸಂಗತಿಗಳನ್ನು ಮುಚ್ಚಿಡುವುದು ಕಷ್ಟ.

ಬೆಳಕಿನ ಬಾಗುವಿಕೆ ಅಳೆಯುವ ಪುಟ್ಟ ಪೆಟ್ಟಿಗೆಯ ಗಾಜಿನ ಮೇಲೆ ಒಂದು ಚುಕ್ಕೆ ದ್ರವ ಹಾಕಿ, ಕಲ್ಲಿನ ನಯವಾದ ಮುಖವನ್ನು ಅದಕ್ಕೆ ತಾಗಿಸಬೇಕು. ಲಿಂಗದ ನಯವಾದ ಮುಖವೆಂದರೆ ಅದರ ನೆತ್ತಿ. ನಾನು ಯೋಚಿಸದೆ ಲಿಂಗವನ್ನು ಎತ್ತಿ ಬೋರಲು ಮಾಡಹೋದೆ. ಅಮ್ಮ "ಅಯ್ಯೋ!" ಎಂದು ನನ್ನ ಮಣಿಕಟ್ಟನ್ನೇ ಹಿಡಿದುಬಿಟ್ಟರು. "ತಲೆಕೆಳಗು ಮಾಡ್ತಾರೇನಮ್ಮ ಯಾರಾದ್ರೂ?"

ಕೊನೆಗೆ ಅವರೇ ಲಿಂಗವನ್ನು ಮಗು ಮಲಗಿಸಿದಂತೆ ಅಡ್ಡಡ್ಡಲಾಗಿ ಹಿಡಿದು, ಅದರ ಪಕ್ಕೆಯನ್ನು ಗಾಜಿಗೆ ತಾಗಿಸುವುದು ಎಂದಾಯಿತು. ಹೊಟ್ಟೆಗಿಲ್ಲದ ಕೈ ನಡುಗುತ್ತಿತ್ತು. ಮಸೂರದಲ್ಲಿ ಕಾಣಬೇಕಾದ ಚುಕ್ಕೆ ಕುಣಿಯುತ್ತಿತ್ತು. ಅವರು ಉಸಿರು ಹಿಡಿದಾಗೊಮ್ಮೆ ನಾನೂ ಉಸಿರು ಹಿಡಿದು ನೋಡಿದೆ. ಒಂದು ಪಾಯಿಂಟ್ ಐದು ಆರರ ಹತ್ತಿರ. ಮತ್ತೆ ನೋಡಿದೆ. ಅಷ್ಟೇ. ನೆಫ್ರೈಟ್ ಆಗಿದ್ದರೆ ಒಂದು ಪಾಯಿಂಟ್ ಆರು ದಾಟಬೇಕು, ಜೇಡೈಟ್ ಆಗಿದ್ದರೆ ಇನ್ನೂ ಮೇಲೆ. ಕೈ ಎಷ್ಟು ನಡುಗಿದರೂ ಅಷ್ಟು ವ್ಯತ್ಯಾಸ ಬರುವುದಿಲ್ಲ.

ಅದು ಜೇಡ್ ಅಲ್ಲ. ಅವರು ಕೇಳಿದ ಒಂದೇ ಒಂದು ಮಾತಿಗೆ ಉತ್ತರ ನನ್ನ ಬಾಯಲ್ಲಿ ಸಿದ್ಧವಾಗಿತ್ತು. ತಲೆಯೆತ್ತಿದರೆ ಬಾಗಿಲಾಚೆ ಆಚಾರ್ರು ನನ್ನ ಮುಖವನ್ನೇ ನೋಡುತ್ತಿದ್ದರು. ಅಲ್ಲ ಎಂದರೆ ಇವರು ಜೇಡ್ ಲಿಂಗ ಕದ್ದು ಬೇರೆ ಕಲ್ಲಿಟ್ಟರು ಎಂದಾಗುತ್ತದೆ. ಆದರೆ ಮೊದಲಿದ್ದದ್ದು ಜೇಡ್ ಎಂದು ಯಾವ ಪರೀಕ್ಷೆ ಹೇಳಿತ್ತು? ಯಾರೋ ತಿಳಿದವರು ಕಾಫಿ ಕುಡಿಯುತ್ತಾ ಹೇಳಿದ್ದು. ಇದೆಂಥ ಕಲ್ಲು ಎಂದು ನಾನು ಹೇಳಬಲ್ಲೆ, ಇದು ಅದೇ ಕಲ್ಲೇ ಎಂಬುದನ್ನು ನನ್ನ ಪೆಟ್ಟಿಗೆ ಹೇಳಲಾರದು. ಇಷ್ಟು ಹೊತ್ತು ನನಗೇ ಈ ವ್ಯತ್ಯಾಸ ಹೊಳೆದಿರಲಿಲ್ಲವಲ್ಲ ಎಂದು ಹೆದರಿದೆ.

ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲಂತೂ ಇನ್ನೂ ಭಯವಾಯಿತು. ಬಿಳಿ ಎಳೆಗಳ ಪಕ್ಕದ ಸೀಳುಗಳಲ್ಲಿ ಗಾಢ ಹಸಿರು ಕೂತಿತ್ತು. ಅಗ್ಗದ ಕಲ್ಲಿಗೆ ಬಣ್ಣ ಕುಡಿಸಿದಾಗ ಹೀಗೇ ಆಗುತ್ತದೆ, ಬಣ್ಣವೆಲ್ಲ ಸೀಳಿನಲ್ಲಿ ನಿಲ್ಲುತ್ತದೆ. ಹಾಗಾದರೆ ಈ ಮನುಷ್ಯ ನಿಜವಾಗಿಯೂ ಬದಲಾಯಿಸಿದ್ದಾರೆಯೇ?

"ಇವತ್ತೇ ಹೇಳಕ್ಕಾಗಲ್ಲ," ಎಂದೆ. "ಇನ್ನೊಂದು ಸಲ ಬರಬೇಕಾಗುತ್ತೆ."

"ಅಂದ್ರೆ ಏನೋ ಇದೆ ಅಂತಾಯ್ತು," ಎಂದರು ಮಗ.

"ಏನೂ ಆಗ್ಲಿಲ್ಲ. ಹೇಳಕ್ಕಾಗಲ್ಲ ಅಂದೆ, ಅಷ್ಟೇ."

ಅವತ್ತು ಮನೆಯಲ್ಲಿ ಸಾರಿಗೆ ಉಪ್ಪು ಹಾಕಿದ್ದು ನೆನಪಿಲ್ಲದೆ ಮತ್ತೆ ಹಾಕಿದೆ. ಹಿನಕಲ್‌ನಿಂದ ಆ ಮಗನ ಫೋನು ಸಂಜೆಯೂ ಬಂತು, ಬೆಳಗ್ಗೆಯೂ ಬಂತು. "ಅಮ್ಮ ಮೆಟ್ಟಿಲಲ್ಲಿ ತಲೆ ಸುತ್ತಿ ಕೂತ್ಬುಟ್ರು ಮೇಡಂ. ಡಾಕ್ಟ್ರು ಬೈದ್ರು. ನೀವು ಬೇಗ ಒಂದು ಮಾತು ಹೇಳಿದ್ರೆ ಪೊಲೀಸ್ ಸ್ಟೇಷನ್ನಿಗಾದ್ರೂ ಹೋಗ್ತೀನಿ." ಆತುರಪಟ್ಟು ತಪ್ಪು ಹೇಳಿದರೆ ಒಬ್ಬರ ಬದುಕು ಹೋಗುತ್ತದೆ, ತಡಮಾಡಿದರೆ ಇನ್ನೊಬ್ಬರ ಜೀವಕ್ಕೇ ಕುತ್ತು. ಇಂಥ ಎರಡು ಭಯಗಳ ನಡುವೆ ಕೂರಿಸಿ ನನ್ನನ್ನು ಪರೀಕ್ಷಿಸುತ್ತಿರುವವರು ಯಾರು ಎಂದು ಆ ಲಿಂಗದ ಮೇಲೇ ಸಿಟ್ಟು ಬಂತು.

ಎರಡನೆಯ ಸಲ ತಾಯಿ, ಮಗ ಇಬ್ಬರೇ ಬಂದರು. ಹತ್ತಿಯ ಕಡ್ಡಿಯನ್ನು ಉಗುರು ಬೆಚ್ಚಗಿನ ಸೋಪುನೀರಿನಲ್ಲಿ ಅದ್ದಿ ಒಂದು ಸೀಳಿನ ಮೇಲೆ ಮೆಲ್ಲಗೆ ಆಡಿಸಿದೆ. ಹತ್ತಿ ಹಸಿರಾಯಿತು. ಮಗ "ನೋಡಿ!" ಎಂದು ಮೇಜು ತಟ್ಟಿದರು. ನಾನು ಹತ್ತಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಬಣ್ಣವಾಗಿದ್ದರೆ ಹತ್ತಿಯ ಎಳೆಗಳು ಅದನ್ನು ಹೀರಿಕೊಂಡಿರಬೇಕಿತ್ತು. ಇಲ್ಲಿ ಎಳೆಗಳು ಬೆಳ್ಳಗೇ ಇದ್ದವು, ಅವುಗಳ ನಡುವೆ ಹಸಿರು ಪುಡಿಯ ಕಣಗಳು ಮೇಣದೊಂದಿಗೆ ಅಂಟಿಕೊಂಡಿದ್ದವು. ಕಲ್ಲಿನ ಮೂಲಕ ಬೆಳಕು ಹಾಯಿಸಿ, ಬೆಳಕನ್ನು ಏಳು ಬಣ್ಣವಾಗಿ ಬಿಡಿಸಿ ತೋರಿಸುವ ಕೊಳವೆಯಲ್ಲಿ ನೋಡಿದೆ. ಬಣ್ಣ ಕುಡಿಸಿದ ಕಲ್ಲು ಕೆಂಪಿನ ಕಡೆ ತೋರಿಸುವ ಅಗಲವಾದ ಕಪ್ಪು ಪಟ್ಟಿಯೂ ಇರಲಿಲ್ಲ. ಅಂದರೆ ಕಲ್ಲಿನ ಹಸಿರು ಕಲ್ಲಿನದೇ. ಸೀಳಿನಲ್ಲಿದ್ದದ್ದು ಲೋಹಕ್ಕೆ ಹೊಳಪು ಕೊಡುವ ಹಸಿರು ಪಾಲಿಶ್.

ಆಚಾರ್ರಿಗೆ ಫೋನ್ ಮಾಡಿದೆ. "ಕಲ್ಲಿಗೆ ಪಾಲಿಶ್ ಹಾಕಿದ್ರಾ?"

"ಇಲ್ಲ ತಾಯಿ. ಕಲ್ ಮುಟ್ಟೇ ಇಲ್ಲ ನಾನು. ಬೆಳ್ಳಿ ಕೆಲ್ಸ ಅಷ್ಟೇ."

ಪುಡಿ ನನ್ನ ಕಣ್ಣೆದುರಿಗಿದೆ, ಈ ಪುಣ್ಯಾತ್ಮ ಮುಟ್ಟೇ ಇಲ್ಲ ಎನ್ನುತ್ತಾರೆ. ತಮ್ಮನ್ನು ಉಳಿಸಬಹುದಾದ ಒಂದೇ ಸಂಗತಿಯ ಬಗ್ಗೆ ಸುಳ್ಳು ಹೇಳುವವರನ್ನು ಏನು ಮಾಡುವುದು? ಫೋನಿನಲ್ಲೇ ಬೈದುಬಿಡುವಷ್ಟು ಕೋಪ ಬಂತು. ಅಮ್ಮ ಎದುರಿಗೇ ಇದ್ದರೆಂದು ತಡೆದುಕೊಂಡು, ಇದು ಬಣ್ಣ ಕುಡಿಸಿದ್ದಲ್ಲ, ಇನ್ನೊಂದು ದಿನ ತಾಳಿ ಎಂದು ಇಬ್ಬರನ್ನೂ ಕಳಿಸಿದೆ.

ಸಾಮಾನ್ಯವಾಗಿ ನಾನು ಕೋಣೆ ಬಿಟ್ಟು ಹೋಗುವವಳಲ್ಲ. ಕಲ್ಲು ನನ್ನ ಬಳಿ ಬರುತ್ತದೆ, ಅದರ ಸಂಸಾರದ ಕಥೆ ನನಗೆ ಬೇಡ ಎಂದು ಇಷ್ಟು ವರ್ಷ ನಡೆಸಿಕೊಂಡು ಬಂದಿದ್ದೆ. ಅವತ್ತು ಮಧ್ಯಾಹ್ನ ಬಾಗಿಲಿಗೆ ಬೀಗ ಹಾಕಿ ಆಚಾರ್ರ ಮನೆಗೆ ಹೊರಟೆ. ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟು ಕೈತೊಳೆದುಕೊಳ್ಳಬಾರದು, ಕೇಳಬೇಕಾಗಿದ್ದ ಪ್ರಶ್ನೆಯನ್ನು ಹಿಡಿದು ಹೊರಡಬೇಕು ಎಂದು ಆಟೋದಲ್ಲಿ ಕೂತು ನಿರ್ಧರಿಸಿಕೊಂಡೆ.

ಮನೆಯ ಮುಂದಿನ ಕೋಣೆಯೇ ಅವರ ಕೆಲಸದ ಜಾಗ. ಪಾಲಿಶ್ ಮೋಟಾರಿನ ಪಕ್ಕದಲ್ಲಿ ಹಸಿರು ಪಾಲಿಶ್‌ನ ಗಟ್ಟಿ ಬಿದ್ದಿತ್ತು. ನಾನು ಅದನ್ನು ಕೈಗೆತ್ತಿಕೊಂಡೆ. ಆಚಾರ್ರು ಸ್ಟೂಲಿನ ಮೇಲೆ ಕುಸಿದರು.

"ಅಂಟುವಾಳಕಾಯಿ ಬಿಸಿನೀರಲ್ಲಿ ನೆನೆಹಾಕಿ ಬ್ರಷ್ಷಲ್ಲಿ ಉಜ್ಜಿದೆ ತಾಯಿ. ವರ್ಷಾನುಗಟ್ಟಲೆ ತುಪ್ಪ, ಹಾಲು, ವಿಭೂತಿ ಎಲ್ಲ ಅಂಟಿ ಕರ್ರಗಾಗಿತ್ತು. ಒಳ್ಳೇದಾಗ್ಲಿ ಅಂತ್ಲೇ ಮಾಡಿದ್ದು. ಆಮೇಲೆ ಪೀಠ ಪಾಲಿಶ್ ಮಾಡ್ತಾ ಅಂಗೇ ಕಲ್ಲಿಗೂ ಒಂದೇಟು ತಾಗಿಸ್ಬುಟ್ಟೆ. ಫಳಫಳ ಅಂತು."

"ಇದನ್ನ ಹೇಳೋಕೇನಾಗಿತ್ತು ನಿಮಗೆ?"

ಅವರು ಮೋಟಾರಿನ ಚಕ್ರ ತೋರಿಸಿದರು. "ಅದು ಚರ್ಮದ್ದು."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಬೆಳ್ಳಿಗೆ ಕೊನೆಯ ಹೊಳಪು ಬರುವುದು ಚರ್ಮದ ಚಕ್ರದಿಂದ. ಆ ಚಕ್ರವನ್ನು ಲಿಂಗಕ್ಕೆ ತಾಗಿಸಿದ್ದರು.

"ಎಂಗೆ ಏಳ್ಲಿ ಅವ್ರ ಮುಂದೆ? ಲಿಂಗಕ್ಕೆ ಚರ್ಮ ಮುಟ್ಟಿಸ್ದೋನು ಅಂದ್ರೆ ಮಠದಲ್ಲಿ ಒಳಕ್ಕೂ ಬಿಟ್ಕಳಲ್ಲ."

"ಈಗ ಕಳ್ಳ ಅಂತಿದ್ದಾರಲ್ಲ, ಅದು ಪರವಾಗಿಲ್ವಾ?"

"ಕಳ್ಳತನ ನಾನು ಮಾಡಿಲ್ವಲ್ಲ ತಾಯಿ. ಇದು ಮಾಡಿದೀನಿ," ಎಂದರು ಅವರು.

ನನ್ನ ಕೋಪ ಅರ್ಧ ಇಳಿಯಿತು. ಆದರೆ ಅವರ ಮಾತೊಂದನ್ನೇ ನಂಬಿ ತೀರ್ಪು ಕೊಡುವ ಹಾಗಿರಲಿಲ್ಲ. ಅದೇ ಕಲ್ಲು ಎಂಬುದಕ್ಕೆ ಕಲ್ಲೇ ಸಾಕ್ಷಿ ಹೇಳಬೇಕು. ಹಳೆಯ ಪೀಠ ಎಲ್ಲಿ ಎಂದು ಕೇಳಿದೆ. ಅದನ್ನು ಕರಗಿಸಿಯೇ ಹೊಸದು ಮಾಡಿದ್ದು ಎಂದರು. ಕಲ್ಲನ್ನು ಹಳೆಯ ಪೀಠದಲ್ಲಿ ಯಾವುದರಿಂದ ಕೂರಿಸಿದ್ದರು? ಅರಗು, ಇಟ್ಟಿಗೆ ಪುಡಿ ಸೇರಿಸಿದ್ದು. ಆ ಅರಗು? ಕೆರೆದು ತೆಗೆದಾಗ ದೊಡ್ಡ ಹೆಂಟೆಯಾಗಿಯೇ ಬಂತು.

ಅರಗು ಬಿಸಿಯಿದ್ದಾಗ ಕಲ್ಲನ್ನು ಒತ್ತಿ ಕೂರಿಸುತ್ತಾರೆ. ಹಲ್ಲಿನ ಡಾಕ್ಟರು ಅಚ್ಚು ತೆಗೆದ ಹಾಗೆ, ಕಲ್ಲಿನ ತಳದ ಪ್ರತಿಯೊಂದು ಉಬ್ಬುತಗ್ಗೂ ಅದರಲ್ಲಿ ಮೂಡಿರಬೇಕು. ಕಲ್ಲಿನ ಮೇಲ್ಮೈಯನ್ನು ಎಷ್ಟೇ ಉಜ್ಜಿದರೂ ತಳವನ್ನು ಯಾರೂ ಉಜ್ಜುವುದಿಲ್ಲ.

"ಆ ಹೆಂಟೆ ಎಲ್ಲಿ?"

"ಕಸಕ್ಕೆ ಹಾಕ್ದೆ."

ಬೆಳ್ಳಿ ಕೆಲಸದ ಮನೆಯಲ್ಲಿ ಕಸ ಯಾರೂ ಬೀದಿಗೆ ಎಸೆಯುವುದಿಲ್ಲ. ನೆಲ ಗುಡಿಸಿದ ಧೂಳು, ಒರೆಸಿದ ಬಟ್ಟೆ, ಕೆರೆದ ಅರಗು ಎಲ್ಲವೂ ಒಂದು ಚೀಲಕ್ಕೆ ಹೋಗುತ್ತದೆ, ಅದರಲ್ಲಿ ಬೆಳ್ಳಿಯ ಚೂರುಗಳಿರುತ್ತವೆಂದು. ನಾನು ಚೀಲ ತನ್ನಿ ಎಂದೆ. ಆಚಾರ್ರು ಹಣೆ ಚಚ್ಚಿಕೊಂಡರು. ಕಸ ಕೊಂಡು ಸುಟ್ಟು ಬೆಳ್ಳಿ ತೆಗೆಯುವ ಉದಯಗಿರಿಯ ಸಾಹೇಬರು ಆಗಲೇ ಬಂದು ಚೀಲ ತೆಗೆದುಕೊಂಡು ಹೋಗಿದ್ದರು. ಸುಟ್ಟಮೇಲೆ ಅರಗು ಎಲ್ಲಿಂದ ಬರಬೇಕು?

ಆಚಾರ್ರ ಸ್ಕೂಟರಿನ ಹಿಂದೆ ಕೂತು ಉದಯಗಿರಿಗೆ ಹೋದೆ. ದಾರಿಯುದ್ದಕ್ಕೂ ಎಲ್ಲಿ ಹೊಗೆ ಕಂಡರೂ ನಮ್ಮದೇ ಚೀಲ ಸುಡುತ್ತಿದೆ ಅನ್ನಿಸುತ್ತಿತ್ತು. ಸಾಹೇಬರು ಮನೆಯ ಮುಂದೆ ಚಹಾ ಕುಡಿಯುತ್ತಿದ್ದರು. ನಾವಿಬ್ಬರೂ ಒಟ್ಟೊಟ್ಟಿಗೆ ಮಾತಾಡಿದ್ದು ಅವರಿಗೆ ಏನೂ ತಿಳಿಯಲಿಲ್ಲ.

"ಒಬ್ಬೊಬ್ರೇ ಹೇಳಿ ಮೇಡಂ, ಸಾವಕಾಶ," ಎಂದರು. ನಾನು ಹೇಳಿದೆ. "ಸುಡೋದಾ? ಇಲ್ಲ ಇಲ್ಲ. ಒಂದೊಂದು ಚೀಲಕ್ಕೆಲ್ಲ ಭಟ್ಟಿ ಹಚ್ಚಿದ್ರೆ ಸೌದೆ ಖರ್ಚೂ ಹುಟ್ಟಲ್ಲ. ಅಲ್ಲೇ ಶೆಡ್ಡಲ್ಲಿ ಬಿದ್ದಿರ್ತದೆ ನೋಡಿ."

ಚೀಲ ಸಿಕ್ಕಿತು. ನೆಲಕ್ಕೆ ಟಾರ್ಪಾಲು ಹಾಸಿ ಸುರಿದು, ಮೂವರೂ ಕೂತು ಕೈಯಾಡಿಸಿದೆವು. ಕಪ್ಪು ಧೂಳು, ಉಗುರಿನಷ್ಟು ತಗಡು, ಬೀಡಿ ತುಂಡು. ಅರಗಿನ ಚೂರುಗಳೂ ಇದ್ದವು, ಆದರೆ ಎಲ್ಲವೂ ಹೊಸ ಅರಗಿನವು, ಯಾವುದಕ್ಕೂ ಆಕಾರವಿರಲಿಲ್ಲ. ಇನ್ನೇನು ಮುಗಿಯಿತು ಎನ್ನುವಾಗ ಆಚಾರ್ರು ಒಂದು ಒರಸು ಬಟ್ಟೆಯ ಮಡಿಕೆಯಿಂದ ಕಂದು ಹೆಂಟೆಯೊಂದನ್ನು ಬಿಡಿಸಿದರು. ಒಂದು ಅಂಚು ಮುರಿದಿತ್ತು. ಮೇಲೆ ಬಟ್ಟಲಿನಂಥ ತಗ್ಗು, ಅದರೊಳಗೆ ಕಲ್ಲಿನ ತಳದ ಉಳಿಯೇಟುಗಳು ಉಬ್ಬಾಗಿ ಮೂಡಿದ ಗುರುತು. ಆಚಾರ್ರು ಅದನ್ನು ನನಗೆ ಕೊಟ್ಟು, ಅಲ್ಲೇ ಮುಖ ತಿರುಗಿಸಿ ಕಣ್ಣೊರೆಸಿಕೊಂಡರು. ನಾನು ಮಾತ್ರ ಇನ್ನೂ ಅಳುವ ಸ್ಥಿತಿಯಲ್ಲಿರಲಿಲ್ಲ. ಹೊಂದದೇ ಹೋದರೆ ಎಂಬ ಯೋಚನೆ ಆಗಲೇ ಶುರುವಾಗಿತ್ತು.

ಮರುದಿನ ಎಲ್ಲರನ್ನೂ ಕರೆದೆ. ಈಗ ಇನ್ನೊಂದು ಕಂಟಕ. ತಳ ನೋಡಬೇಕಾದರೆ ಹೊಸ ಪೀಠದಿಂದ ಕಲ್ಲು ಬಿಡಿಸಬೇಕು. ಅರಗು ಬಿಡಿಸಲು ಆಚಾರ್ರು ಊದುಕೊಳವೆಯ ಬೆಂಕಿ ಹಿಡಿಯುತ್ತಾರೆ. ಅಮ್ಮ ಬೆಂಕಿಗೆ ಒಪ್ಪುವುದಿಲ್ಲ, ನನಗೂ ಆ ಸೀಳುಬಿಟ್ಟ ಕಲ್ಲಿನ ಮೇಲೆ ಬೆಂಕಿ ಹಿಡಿಯುವ ಧೈರ್ಯವಿರಲಿಲ್ಲ.

"ಬಿಸಿನೀರು ಆಗಬಹುದೇನಮ್ಮ?" ಎಂದೆ.

ಅವರು ಯೋಚಿಸಿದರು. ಮುಖ ಬಾಡಿ ಹೋಗಿತ್ತು, ದನಿ ಕೆಳಗಿಳಿದಿತ್ತು. "ಚಳಿಗಾಲದಲ್ಲಿ ನಾನೂ ಬಿಸಿನೀರೇ ಹಾಕೋದು. ನೀರಲ್ವಾ, ಹಾಕು. ಜಾಸ್ತಿ ಸುಡೋದು ಬೇಡ."

ಅರಗು ಮೆದುವಾಗಲು ಬೇಕಾದಷ್ಟು ಬಿಸಿ ಬೇಕು, ಆದರೆ ಒಮ್ಮೆಲೇ ಬಿಸಿಯಾದರೆ ಕಲ್ಲು ಒಡೆಯಬಹುದು. ಗಾಜಿನ ಬೀಕರಿನಲ್ಲಿ ತಣ್ಣೀರಿಟ್ಟು, ಅದರಲ್ಲಿ ಲಿಂಗವನ್ನಿಟ್ಟು, ಬೀಕರನ್ನು ಬಿಸಿನೀರಿನ ಪಾತ್ರೆಯೊಳಗೆ ಕೂರಿಸಿದೆ. ಹೊರಗಿನ ನೀರನ್ನು ಸ್ವಲ್ಪ ಸ್ವಲ್ಪವೇ ಬದಲಾಯಿಸುತ್ತಾ ಬಿಸಿ ಏರಿಸಿದೆ. ಥರ್ಮಾಮೀಟರಿನಿಂದ ಕಣ್ಣು ತೆಗೆಯಲಿಲ್ಲ. ಒಮ್ಮೆ ಸಣ್ಣದಾಗಿ ಟಿಕ್ ಎಂಬ ಸದ್ದಾಯಿತು. ಬಾಗಿ ನೋಡಿದೆ. ಕಲ್ಲಲ್ಲ, ಬೆಳ್ಳಿಯ ಪೀಠ ಹಿಗ್ಗಿದ್ದು. ಕೊನೆಗೆ ಆಚಾರ್ರು, "ಈಗ ಬತ್ತದೆ" ಎಂದು ಮರದ ಕಡ್ಡಿಯಿಂದ ಮೆಲ್ಲಗೆ ಒತ್ತಿದರು. ಕಲ್ಲು ಬಿಟ್ಟಿತು.

ಆರುವವರೆಗೆ ಕಾದು, ತಳಕ್ಕೆ ಅಂಟಿದ್ದ ಹೊಸ ಅರಗನ್ನು ಮರದ ಕಡ್ಡಿಯಿಂದ ಬಿಡಿಸಿ, ಕಲ್ಲನ್ನು ಅಡ್ಡ ಮಲಗಿಸಿ ತಳವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಉಳಿಯೇಟಿನ ಆಳವಾದ ಗುಳಿಯೊಂದರಲ್ಲಿ, ಇಟ್ಟಿಗೆ ಪುಡಿ ಸೇರಿದ ಹಳೆಯ ಕಂದು ಅರಗು ಇನ್ನೂ ಅಂಟಿಕೊಂಡಿತ್ತು. ಆಮೇಲೆ ಹೆಂಟೆಯನ್ನು ಮೇಜಿನ ಮೇಲಿಟ್ಟು ಅಮ್ಮನಿಗೆ ಹೇಳಿದೆ: "ನೀವೇ ಕೂರಿಸಿ ನೋಡಿ."

ಅವರು ಲಿಂಗವನ್ನು ಹೆಂಟೆಯ ತಗ್ಗಿನಲ್ಲಿಟ್ಟು ತಿರುಗಿಸಿದರು. ಕೂರಲಿಲ್ಲ. ಇನ್ನೂ ಸ್ವಲ್ಪ ತಿರುಗಿಸಿದರು. ಕಲ್ಲು ತಾನಾಗಿ ಒಳಕ್ಕಿಳಿದು ಗಟ್ಟಿಯಾಗಿ ನಿಂತಿತು. ಅಲ್ಲಾಡಿಸಿದರೂ ಅಲ್ಲಾಡಲಿಲ್ಲ.

"ಇದನ್ನ ಇವ್ರೇ ಆಮೇಲೆ ಮಾಡಿರಬಹುದಲ್ಲ?" ಎಂದರು ಮಗ.

ನಾನು ಅವರನ್ನೇ ಮಸೂರದ ಮುಂದೆ ಕೂರಿಸಿದೆ. ಕಲ್ಲಿನ ಗುಳಿಯಲ್ಲಿ ಉಳಿದಿದ್ದ ಅರಗಿನ ಚೂರು ಹೆಂಟೆಯಲ್ಲಿ ಯಾವ ಜಾಗದಿಂದ ಮುರಿದು ಬಂದಿತ್ತೋ ಆ ಜಾಗವನ್ನು ತೋರಿಸಿದೆ. ಮುರಿದ ಅಂಚಿಗೆ ಅಂಚು ಸರಿಹೊಂದುತ್ತಿತ್ತು. ಅವರು ಬಹಳ ಹೊತ್ತು ನೋಡಿದರು. ತಲೆಯೆತ್ತಿದಾಗ ಆಚಾರ್ರ ಕಡೆ ನೋಡಲಾಗದೆ ಗೋಡೆ ನೋಡಿದರು.

ಕಲ್ಲು ಬಿಡಿಯಾಗಿತ್ತಾದ್ದರಿಂದ ದಾರದಲ್ಲಿ ನೇತುಹಾಕಿ ಗಾಳಿಯಲ್ಲಿ ಒಮ್ಮೆ, ನೀರಿನಲ್ಲಿ ಒಮ್ಮೆ ತೂಗಿದೆ. ತನ್ನ ಗಾತ್ರದ ನೀರಿಗಿಂತ ಎರಡೂವರೆ ಪಟ್ಟಿಗೆ ಸ್ವಲ್ಪ ಹೆಚ್ಚು. ನೆಫ್ರೈಟ್ ಆಗಿದ್ದರೆ ಮೂರು ಪಟ್ಟಿನ ಹತ್ತಿರ ಬರಬೇಕಿತ್ತು. ಸರ್ಪೆಂಟೈನ್, ಅನುಮಾನವಿಲ್ಲ.

"ಇದು ನಿಮ್ಮದೇ ಲಿಂಗ," ಎಂದೆ. "ಜೇಡ್ ಅಲ್ಲ. ಯಾವತ್ತೂ ಆಗಿರ್ಲಿಲ್ಲ. ಬರ್ಮಾದ್ದೂ ಇರಲಾರದು, ಇಂಥ ಕಲ್ಲು ನಮ್ಮ ಸೀಮೆಯಲ್ಲೇ ಇದೆ. ಮೆದು ಕಲ್ಲು, ತುಪ್ಪ ಎಣ್ಣೆ ಕುಡಿದು ಕಪ್ಪಾಗುತ್ತೆ."

"ಜೇಡ್ ಅಲ್ವಾ?" ಎಂದರು ಮಗ.

"ಅದ್ಯಾರೋ ಏಳಿದ್ರು, ನೀನು ಕುಣಿದೆ," ಎಂದರು ಅಮ್ಮ. "ನಾನ್ಯಾವತ್ತಾದ್ರೂ ಇದೆಂಥ ಕಲ್ಲು ಅಂತ ಕೇಳಿದ್ನಾ?"

ಆಮೇಲೆ ಅವರು ಲಿಂಗವನ್ನು ಬೆಳಕಿಗೆ ಹಿಡಿದು, "ಮತ್ತೆ ಈ ಬಣ್ಣ ಎಂಗೆ ಬಂತು?" ಎಂದರು.

ಉತ್ತರ ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ. ಆಚಾರ್ರ ಕಡೆ ನೋಡಿದೆ. ಅವರು ಅಂಟುವಾಳದ ನೀರಿನಿಂದ ಶುರುಮಾಡಿ ಚರ್ಮದ ಚಕ್ರದವರೆಗೆ ಎಲ್ಲವನ್ನೂ ಹೇಳಿದರು. ಮಗ ಬಾಯಿ ತೆರೆದರು, ಅಮ್ಮ ಕೈಯೆತ್ತಿ ಸುಮ್ಮನಿರಿಸಿದರು.

"ಮೊದ್ಲೇ ಏಳಿದ್ರೆ ಬಾಯಿಗೆ ಬಂದಂಗೆ ಬೈತಿದ್ದೆ ಕಣಪ್ಪ," ಎಂದರು ಆಚಾರ್ರಿಗೆ. "ಬೈದು, ಶುದ್ಧಿ ಮಾಡ್ಕೊಂಡು, ಅವತ್ತೇ ಊಟ ಮಾಡ್ತಿದ್ದೆ. ಮಠಕ್ಕೆ ಇವತ್ತೇ ನನ್ನ ಮಗ ಓಗಿ ಏಳ್ತಾನೆ, ಕಲ್ಲು ಸರಿಯಾಗೇ ಅದೆ, ಆಚಾರಿ ಸರಿಯಾಗವ್ನೆ ಅಂತ. ಚರ್ಮದ ಮಾತು ನಮ್ಮ ನಮ್ಮಲ್ಲೇ ಇರ್ಲಿ."

ಆಚಾರ್ರು ಕೈಮುಗಿದು, ಬಿಸಿನೀರಿನಲ್ಲೇ ಅರಗು ಮೆದುಮಾಡಿ ಕಲ್ಲನ್ನು ಮತ್ತೆ ಹೊಸ ಪೀಠದಲ್ಲಿ ಕೂರಿಸಿದರು. ಎಲ್ಲ ಮುಗಿಯಿತೆಂದು ನಾನು ಬೀಕರು ತೊಳೆಯಲು ಎದ್ದೆ. ಅಮ್ಮ ಮಾತ್ರ ಏಳಲಿಲ್ಲ. ಬೆರಳಿನಿಂದ ಆ ಎಳೆ ಹಸಿರಿನ ಮೈಯನ್ನು ಸವರುತ್ತಿದ್ದರು.

"ಕಪ್ಪಗಿತ್ತಲ್ಲ, ಅದು ತುಪ್ಪ ಅಂದ್ಯಲ್ಲಮ್ಮ?"

"ಹೌದಮ್ಮ. ತುಪ್ಪ, ಹಾಲು, ವಿಭೂತಿ."

"ನಮ್ಮತ್ತೆ ಹಾಕಿದ್ದು. ಅವರತ್ತೆ ಹಾಕಿದ್ದು. ಅದೆಲ್ಲ ಓಯ್ತಾ?"

ಇಷ್ಟು ದಿನ ಸುಳ್ಳು ಹೇಳಿಬಿಡುವೆನೋ ಎಂದು ಹೆದರಿದ್ದವಳಿಗೆ ಈ ನಿಜ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. "ಹೋಯ್ತಮ್ಮ," ಎಂದೆ. "ವಾಪಸ್ ಬರಲ್ಲ."

ಅವರು ಲಿಂಗವನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ, ಮೇಜಿನ ಅಂಚು ಹಿಡಿದು ಮೆಲ್ಲಗೆ ಎದ್ದರು.

"ಮನೇಗೆ ಫೋನ್ ಮಾಡಿ ಅನ್ನಕ್ಕಿಡಕ್ಕೇಳು," ಎಂದರು ಮಗನಿಗೆ. "ತುಪ್ಪ ಎಷ್ಟದೆ ಅಂತ್ಲೂ ಕೇಳು. ಮೊದ್ಲಿಂದ ಶುರು ಮಾಡ್ಬೇಕು."